ಎಲ್ಲ ಮಾತ್ರೆಗಳೂ ಮೇಜಿನ ಮೇಲೆ ಬರಲಿ

ದೇವನಹಳ್ಳಿ ತಾಲ್ಲೂಕಿನ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರ. ಬೆಳಿಗ್ಗೆ ಒಂಬತ್ತೂವರೆ. ಬಿ.ಪಿ., ಶುಗರ್ ಇರುವವರನ್ನು ನೋಡುವ ದಿನವಾದ್ದರಿಂದ ವರಾಂಡದ ಬೆಂಚುಗಳು ಆಗಲೇ ತುಂಬಿವೆ. ನಿಮಗೆ ಕೊನೆಯ ಬೆಂಚಿನ ತುದಿಯಲ್ಲಿ ಜಾಗ ಸಿಕ್ಕಿದೆ. ಪಕ್ಕದಲ್ಲಿ ಎಪ್ಪತ್ತು ದಾಟಿದ ಅಜ್ಜಿ, ಅವರಾಚೆ ಮಗ. ಅಜ್ಜಿಯ ತೊಡೆಯ ಮೇಲೆ ಜವಳಿ ಅಂಗಡಿಯ ಹಳೆಯ ಚೀಲ. ಕೈ ಆಡಿಸಿದಾಗಲೆಲ್ಲ ಮಾತ್ರೆಗಳ ಸ್ಟ್ರಿಪ್ಪುಗಳು ಸರಬರ ಎನ್ನುತ್ತವೆ. ಅಜ್ಜಿ ಚಪ್ಪಲಿ ಕಳಚಿ ಕಾಲು ನೆಲಕ್ಕೂರಿದ್ದಾರೆ. ಚಪ್ಪಲಿ ಪಟ್ಟಿಯ ಅಚ್ಚು ಎರಡೂ ಪಾದಗಳ ಮೇಲೆ ಆಳವಾಗಿ ಕೂತಿದೆ.

ಸಿಸ್ಟರ್ ಬಿ.ಪಿ. ಯಂತ್ರ ಹಿಡಿದು ಬರುತ್ತಾರೆ.

“ಅಜ್ಜಿ, ಕಾಫಿ ಕುಡಿದು ಎಷ್ಟೊತ್ತಾಯ್ತು?”

“ಈಗ್ಲೇ ಕುಡ್ಕಂಡ್ ಬಂದೆ ಕಣವ್ವ. ಎಲೆ ಅಡಿಕೇನೂ ಹಾಕ್ಕಂಡೆ.”

“ಹೊಗೆಸೊಪ್ಪು?”

ಅಜ್ಜಿ ಉತ್ತರ ಕೊಡುವುದಿಲ್ಲ. ಸಿಸ್ಟರ್ ನಕ್ಕು, ಬಾಯಿ ಮುಕ್ಕಳಿಸಿ ಬಂದು ಅರ್ಧ ಗಂಟೆ ಸುಮ್ಮನೆ ಕೂರಲು ಹೇಳುತ್ತಾರೆ. ಕಾಫಿ, ತಂಬಾಕು ಎರಡೂ ಸ್ವಲ್ಪ ಹೊತ್ತು ಒತ್ತಡವನ್ನು ಏರಿಸಿಡುತ್ತವೆ. ಆ ಏರಿದ ಅಂಕಿಯನ್ನು ನಂಬಿ ಮಾತ್ರೆ ಹೆಚ್ಚಿಸಿಬಿಟ್ಟರೆ ತೊಂದರೆ ಅಲ್ಲಿಂದಲೇ ಶುರು.

ಅರ್ಧ ಗಂಟೆಯ ಮೇಲೆ ಅಜ್ಜಿಯ ಸರದಿ. ಬೆನ್ನು ಕುರ್ಚಿಗೆ ಒರಗಿದೆ, ಪಾದಗಳು ನೆಲದ ಮೇಲಿವೆ, ಕೈ ಎದೆಯ ಮಟ್ಟಕ್ಕೆ ಮೇಜಿನ ಮೇಲಿದೆ. ರವಿಕೆಯ ತೋಳು ಮೇಲಕ್ಕೆ ಸರಿಸಿ ಬರಿಯ ತೋಳಿಗೇ ಪಟ್ಟಿ ಸುತ್ತುತ್ತಾರೆ. ಮಾತಾಡುವಂತಿಲ್ಲ. 118/70. ಮಗನ ಮುಖ ಅರಳುತ್ತದೆ. ಆದರೆ ಸಿಸ್ಟರ್ ಪಟ್ಟಿ ಬಿಚ್ಚುವುದಿಲ್ಲ. “ಈಗ ಎದ್ದು ನಿಂತ್ಕೊಳ್ಳಿ” ಎನ್ನುತ್ತಾರೆ. ಒಂದು ನಿಮಿಷ ಬಿಟ್ಟು ಮತ್ತೆ ಯಂತ್ರ ಒತ್ತುತ್ತಾರೆ. 96/60. ಅಜ್ಜಿಯ ಕೈ ತಾನಾಗಿ ಗೋಡೆ ಹುಡುಕುತ್ತದೆ. ನೀವು ಭುಜ ಹಿಡಿದು ಕೂರಿಸುತ್ತೀರಿ.

“ಎದ್ರೆ ತಲೆ ಗಿರ್ ಅಂತದೆ ಕಣಪ್ಪ. ಮೊನ್ನೆ ಬಚ್ಚಲಲ್ಲಿ ಬೀಳೋದು ಸ್ವಲ್ಪದ್ರಲ್ಲಿ ತಪ್ತು.”

ಎರಡೂ ಅಂಕಿಗಳು ಕಾರ್ಡಿಗೆ ಬೀಳುತ್ತವೆ. ಕೂತಾಗಿನ ಒಂದೇ ಅಂಕಿ ಬರೆದಿದ್ದರೆ ಈ ಮನೆಯವರು ಸಂತೋಷದಿಂದ ವಾಪಸ್ಸು ಹೋಗುತ್ತಿದ್ದರು, ಮುಂದಿನ ವಾರ ಸೊಂಟದ ಮೂಳೆ ಮುರಿದುಕೊಂಡು ಬರುತ್ತಿದ್ದರು.

ಒಳಗೆ ಡಾಕ್ಟರಮ್ಮ ಕಾರ್ಡು ನೋಡಿ, “ಚೀಲದಲ್ಲಿರೋದನ್ನೆಲ್ಲ ಮೇಜಿನ ಮೇಲೆ ಸುರೀರಿ” ಎನ್ನುತ್ತಾರೆ. ಮಗ ಹಿಂಜರಿಯುತ್ತಾರೆ. ಬೇರೆ ಕಡೆ ತೋರಿಸಿದ್ದು ತಿಳಿದರೆ ಬೈಯುತ್ತಾರೇನೋ ಎಂಬ ಅಂಜಿಕೆ ಅದು. ಡಾಕ್ಟರಮ್ಮ ತಾವೇ ಚೀಲ ಬಗ್ಗಿಸುತ್ತಾರೆ.

ನಾಲ್ಕು ಬಗೆಯ ಮಾತ್ರೆಗಳು ಬೀಳುತ್ತವೆ. ಒಂದು, ಇದೇ ಕೇಂದ್ರದಲ್ಲಿ ಕೊಟ್ಟ ಅಮ್ಲೋಡಿಪಿನ್ 5 ಮಿ.ಗ್ರಾಂ. ಇನ್ನೊಂದು, ಪಟ್ಟಣದ ಯಾವುದೋ ಕ್ಲಿನಿಕ್ಕಿನಲ್ಲಿ ಬರೆದುಕೊಟ್ಟ ಮಿರಿಮಿರಿ ಮಿಂಚುವ ಸ್ಟ್ರಿಪ್. ಮೂರನೆಯದು ಕತ್ತರಿಯಲ್ಲಿ ಕತ್ತರಿಸಿದ ತುಂಡು, ಅವಧಿ ಮುಗಿಯುವ ತಾರೀಖೇ ಹಾರಿಹೋಗಿದೆ. ನಾಲ್ಕನೆಯದು ಮಂಡಿನೋವಿಗೆ ನುಂಗುವ ಡೈಕ್ಲೋಫಿನಾಕ್.

ಡಾಕ್ಟರಮ್ಮ ಮಿಂಚುವ ಸ್ಟ್ರಿಪ್ಪನ್ನು ಮಗುಚುತ್ತಾರೆ. ಮುಂಭಾಗದಲ್ಲಿ ಕಂಪನಿಯ ಹೆಸರಿಟ್ಟ ದಪ್ಪಕ್ಷರ, ಅದರ ಕೊನೆಗೆ ‘ಎಎಂ’. ಹಿಂಭಾಗದಲ್ಲಿ ಇರುವೆ ಸಾಲಿನಂಥ ಅಕ್ಷರ. ಆ ಸಾಲಿನ ಕೆಳಗೆ ಉಗುರಿಟ್ಟು ಮಗನ ಕಡೆ ತಿರುಗಿಸುತ್ತಾರೆ. ನೀವೂ ಬಗ್ಗಿ ಓದುತ್ತೀರಿ: ಟೆಲ್ಮಿಸಾರ್ಟಾನ್ 40 ಮಿ.ಗ್ರಾಂ., ಅಮ್ಲೋಡಿಪಿನ್ 5 ಮಿ.ಗ್ರಾಂ.

“ಎರಡನ್ನೂ ನುಂಗ್ತಿದ್ದೀರಾ ಅಜ್ಜಿ?”

“ಊಂ ಕಣ್ ತಾಯಿ. ಬೆಳಿಗ್ಗೆ ನಿಮ್ದು, ರಾತ್ರಿಗೆ ಅವ್ರದ್ದು.”

ಅಂದರೆ ದಿನಕ್ಕೆ 10 ಮಿ.ಗ್ರಾಂ. ಅಮ್ಲೋಡಿಪಿನ್. ದೊಡ್ಡವರಿಗೆ ಕೊಡಬಹುದಾದ ಗರಿಷ್ಠ ಪ್ರಮಾಣವೇ ಅಷ್ಟು. ವಯಸ್ಸಾಗಿ ಬಡಕಲಾದವರಿಗೆ, ಯಕೃತ್ತಿನ ತೊಂದರೆ ಇರುವವರಿಗೆ 2.5 ಮಿ.ಗ್ರಾಂ.ನಿಂದ ಆರಂಭಿಸುವುದು ವಾಡಿಕೆ. ಇಲ್ಲಿ ಯಾವ ವೈದ್ಯರೂ 10 ಬರೆದಿಲ್ಲ. ಒಬ್ಬರು ಬರೆದದ್ದು ಇನ್ನೊಬ್ಬರಿಗೆ ಗೊತ್ತಿಲ್ಲ. ಸರ್ಕಾರಿ ಮಾತ್ರೆಗೆ ಒಂದು ಹೆಸರು, ಅಂಗಡಿಯ ಮಾತ್ರೆಗೆ ಇನ್ನೊಂದು. ಅಜ್ಜಿಯ ಹೊಟ್ಟೆ ಸೇರಿದ ಔಷಧಿ ಮಾತ್ರ ಒಂದೇ.

ಡಾಕ್ಟರಮ್ಮ ಕುರ್ಚಿ ಬಿಟ್ಟು ಕೆಳಗೆ ಕೂರುತ್ತಾರೆ. ಅಜ್ಜಿಯ ಮೊಣಕಾಲಿನ ಕೆಳಗೆ, ಎಲುಬಿನ ಮೇಲೆ ಹೆಬ್ಬೆರಳು ಒತ್ತಿ ಹಿಡಿದು ತೆಗೆಯುತ್ತಾರೆ. ಬೆರಳು ಕೂತಲ್ಲಿ ಗುಳಿ ಬಿದ್ದಿದೆ. ನೀವು ನೋಡುತ್ತಲೇ ಇದ್ದೀರಿ, ಗುಳಿ ತುಂಬಿಕೊಳ್ಳುವುದಿಲ್ಲ. ಎರಡೂ ಕಾಲುಗಳಲ್ಲಿ ಅಷ್ಟೇ ಊತ. ಕತ್ತಿನ ನರ ನೋಡುತ್ತಾರೆ, ಬೆನ್ನಿಗೆ ಸ್ಟೆತಾಸ್ಕೋಪ್ ಇಟ್ಟು ಉಸಿರು ಆಲಿಸುತ್ತಾರೆ, ರಾತ್ರಿ ಮಲಗಿದರೆ ಉಸಿರು ಕಟ್ಟುತ್ತದೆಯೇ ಎಂದು ವಿಚಾರಿಸುತ್ತಾರೆ. ಮೂತ್ರದಲ್ಲಿ ಪ್ರೋಟೀನು ಹೋಗುತ್ತಿದೆಯೇ ಎಂದು ನೋಡಲು ಹೇಳುತ್ತಾರೆ. ಹೃದಯ ಸೋತರೂ, ಕಿಡ್ನಿ ಕೆಟ್ಟರೂ ಕಾಲು ಊದುತ್ತದೆ. ಅವೆರಡೂ ಅಲ್ಲ ಎಂದು ಗೊತ್ತಾಗದೆ ಮಾತ್ರೆಯ ಮೇಲೆ ಹೊಣೆ ಹಾಕುವಂತಿಲ್ಲ. ಒಂದೇ ಕಾಲು ಊದಿ ನೋಯುತ್ತಿದ್ದರೆ ರಕ್ತ ಹೆಪ್ಪುಗಟ್ಟಿರಬಹುದು, ಆಗ ದಾರಿಯೇ ಬೇರೆ. ಅಜ್ಜಿಯಲ್ಲಿ ಇವಾವುದರ ಗುರುತೂ ಕಾಣುವುದಿಲ್ಲ.

“ಕಾಲು ಊದಿದ ಮೇಲೆ ಏನು ಮಾಡಿದ್ರಿ?”

ಮಗ ಕತ್ತರಿಸಿದ ತುಂಡನ್ನು ತೋರಿಸುತ್ತಾರೆ. “ಮೆಡಿಕಲ್ಲಲ್ಲಿ ಕೇಳ್ದೆ ಮೇಡಂ. ನೀರು ತುಂಬ್ಕೊಂಡಿದೆ, ಇದು ನುಂಗಿದ್ರೆ ಮೂತ್ರದಲ್ಲಿ ಹೋಗುತ್ತೆ ಅಂದ್ರು.” ಅದು ಫ್ಯುರೋಸೆಮೈಡ್.

ಗೊಂದಲದ ಗಂಟು ಇಲ್ಲಿದೆ. ಅಮ್ಲೋಡಿಪಿನ್ ರಕ್ತನಾಳದ ಗೋಡೆಯ ಸ್ನಾಯುವಿನ ಮೇಲೆ ಕೆಲಸ ಮಾಡುತ್ತದೆ. ಆ ಸ್ನಾಯು ಬಿಗಿಯಾಗಬೇಕಾದರೆ ಜೀವಕೋಶದೊಳಕ್ಕೆ ಕ್ಯಾಲ್ಸಿಯಂ ನುಗ್ಗಬೇಕು. ನುಗ್ಗುವ ದಾರಿಯನ್ನು ಮಾತ್ರೆ ತಡೆಯುತ್ತದೆ. ಸ್ನಾಯು ಸಡಿಲವಾಗಿ ನಾಳ ಹಿಗ್ಗುತ್ತದೆ, ಒತ್ತಡ ಇಳಿಯುತ್ತದೆ. 1960ರ ದಶಕದಲ್ಲಿ ಜರ್ಮನಿಯ ಫ್ರೈಬರ್ಗ್‌ನಲ್ಲಿ ಆಲ್ಬ್ರೆಕ್ಟ್ ಫ್ಲೆಕೆನ್‌ಸ್ಟೈನ್ ಇದೇ ಗುಂಪಿನ ಹಳೆಯ ಔಷಧಗಳಲ್ಲಿ ಗುರುತಿಸಿದ ಗುಣ ಇದು. ಆದರೆ ಹಿಗ್ಗುವುದು ಮುಖ್ಯವಾಗಿ ರಕ್ತ ತರುವ ಕಿರುನಾಳಗಳು. ರಕ್ತ ವಾಪಸ್ಸು ಒಯ್ಯುವ ನಾಳಗಳು ಅಷ್ಟು ಹಿಗ್ಗುವುದಿಲ್ಲ.

ಡಾಕ್ಟರಮ್ಮ ಅಜ್ಜಿಗೆ ಹೇಳುವ ರೀತಿ ಬೇರೆ. “ಕೆರೆ ತೂಬು ಪೂರ್ತಿ ಎತ್ತಿಬಿಟ್ಟು, ಗದ್ದೆಯಿಂದ ನೀರು ಹೊರಗೆ ಹೋಗೋ ಕಾಲುವೆ ಮಾತ್ರ ಮೊದಲಿನಷ್ಟೇ ಇಟ್ರೆ ಏನಾಗುತ್ತೆ?”

“ಬದು ಜೌಗಾಯ್ತದೆ.”

“ನಿಮ್ಮ ಕಾಲೂ ಹಂಗೇ ಜೌಗಾಗಿದೆ. ಮೈಯಲ್ಲಿ ನೀರು ಹೆಚ್ಚಾಗಿ ಅಲ್ಲ.”

ಆದ್ದರಿಂದಲೇ ಮೂತ್ರ ಹೆಚ್ಚಿಸುವ ಮಾತ್ರೆ ಈ ಊತಕ್ಕೆ ಅಷ್ಟಾಗಿ ನಾಟುವುದಿಲ್ಲ. ಊತ ಹಾಗೇ ಇರುತ್ತದೆ, ಮೈಯಿಂದ ನೀರು, ಉಪ್ಪು ಮಾತ್ರ ಹೋಗುತ್ತದೆ, ಎದ್ದರೆ ತಲೆ ಸುತ್ತುತ್ತದೆ. ಮಾತ್ರೆಯ ಅಡ್ಡಪರಿಣಾಮವನ್ನು ಹೊಸ ಕಾಯಿಲೆ ಎಂದುಕೊಂಡು ಅದಕ್ಕೊಂದು ಮಾತ್ರೆ ಸೇರಿಸುವ ಈ ಸರಪಣಿ ಎಷ್ಟೋ ಮನೆಗಳಲ್ಲಿ ಸದ್ದಿಲ್ಲದೆ ಬೆಳೆಯುತ್ತದೆ. ಅಜ್ಜಿಯ ವಿಷಯದಲ್ಲಿ ಇನ್ನೊಂದು ಅಪಾಯವೂ ಇತ್ತು: ಟೆಲ್ಮಿಸಾರ್ಟಾನ್, ಮೂತ್ರ ಹೆಚ್ಚಿಸುವ ಮಾತ್ರೆ, ಡೈಕ್ಲೋಫಿನಾಕ್ ಈ ಮೂರೂ ಒಟ್ಟಿಗೆ ಸೇರಿದರೆ ಕಿಡ್ನಿಗೆ ದೊಡ್ಡ ಪೆಟ್ಟು. ಸಾಲದ್ದಕ್ಕೆ ಡೈಕ್ಲೋಫಿನಾಕ್ ಬಿ.ಪಿ.ಯನ್ನೂ ಏರಿಸುತ್ತದೆ.

ಡಾಕ್ಟರಮ್ಮ ಕೇಂದ್ರದ ಅಮ್ಲೋಡಿಪಿನ್ ಸ್ಟ್ರಿಪ್ಪನ್ನು ವಾಪಸ್ಸು ತೆಗೆದುಕೊಳ್ಳುತ್ತಾರೆ. ಕತ್ತರಿಸಿದ ತುಂಡೂ, ನೋವಿನ ಮಾತ್ರೆಯೂ ಅದರ ಪಕ್ಕಕ್ಕೆ ಸರಿಯುತ್ತವೆ. ಮಂಡಿಗೆ ಪ್ಯಾರಾಸಿಟಮಾಲ್. ಉಳಿಯುವುದು ‘ಎಎಂ’ ಒಂದೇ. ಟೆಲ್ಮಿಸಾರ್ಟಾನ್ ವಾಪಸ್ಸು ಒಯ್ಯುವ ನಾಳಗಳನ್ನೂ ಸಡಿಲಿಸುವುದರಿಂದ ಆ ಜೋಡಿಯಲ್ಲಿ ಊತ ಕಡಿಮೆ. ಕ್ರಿಯಾಟಿನಿನ್, ಸೋಡಿಯಂ, ಪೊಟ್ಯಾಸಿಯಂ ಪರೀಕ್ಷೆಗೆ ರಕ್ತ ಬರೆಯುತ್ತಾರೆ. ಎರಡು ವಾರಕ್ಕೆ ಮತ್ತೆ ಬರಬೇಕು.

“ಊತ ನಾಳೇನೇ ಇಳಿಯುತ್ತಾ ಮೇಡಂ?” ಮಗ ಕೇಳುತ್ತಾರೆ.

ಇಲ್ಲ. ಅಮ್ಲೋಡಿಪಿನ್ ಮೈಯಲ್ಲಿ ಅರ್ಧಕ್ಕಿಳಿಯಲು 30ರಿಂದ 50 ಗಂಟೆ ಬೇಕು. ದಿನಾ ತೆಗೆದುಕೊಂಡರೆ ಅದರ ಮಟ್ಟ ಒಂದು ಹದಕ್ಕೆ ಬರುವುದು ಏಳೆಂಟು ದಿನಕ್ಕೆ. ಬಿಟ್ಟರೂ ಹಾಗೆಯೇ ನಿಧಾನ. ಶುರುಮಾಡಿ ಎರಡು ದಿನಕ್ಕೆ ‘ಕೇಳಲಿಲ್ಲ’ ಎಂದು ಕೈಬಿಡುವುದೂ, ತಲೆಭಾರವಾದ ದಿನ ಇನ್ನೊಂದು ನುಂಗುವುದೂ ಎರಡೂ ತಪ್ಪು. ಒಂದು ಹೊತ್ತು ಮರೆತರೆ ನೆನಪಾದಾಗ ನುಂಗಬಹುದು. ಹನ್ನೆರಡು ಗಂಟೆ ದಾಟಿದ್ದರೆ ಬಿಟ್ಟು ಮರುದಿನದ್ದನ್ನೇ ತೆಗೆದುಕೊಳ್ಳಬೇಕು. ಮರೆತದ್ದಕ್ಕೆಂದು ಎರಡು ಸೇರಿಸಿ ನುಂಗುವಂತಿಲ್ಲ. ಬೆಳಿಗ್ಗೆಯೋ ರಾತ್ರಿಯೋ ಎಂಬ ಚರ್ಚೆಯೂ ಬೇಡ: ಸ್ಕಾಟ್ಲೆಂಡಿನ ಡಂಡಿ ವಿಶ್ವವಿದ್ಯಾಲಯದ ನೇತೃತ್ವದಲ್ಲಿ 21,104 ಜನರ ಮೇಲೆ ನಡೆದು 2022ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಹೃದಯಾಘಾತ, ಪಾರ್ಶ್ವವಾಯು ತಡೆಯುವುದರಲ್ಲಿ ಎರಡಕ್ಕೂ ವ್ಯತ್ಯಾಸ ಕಾಣಲಿಲ್ಲ. ಮರೆಯದ ಹೊತ್ತೇ ಸರಿಯಾದ ಹೊತ್ತು.

ಮುಂದಿನವರು ನಿವೃತ್ತ ಮೇಷ್ಟ್ರು. ಅವರ ಜೇಬಿನಲ್ಲಿ ಅಮ್ಲೋಡಿಪಿನ್‌ನದೇ ಗುಂಪಿನ ನಿಫೆಡಿಪಿನ್ ಕ್ಯಾಪ್ಸೂಲ್. “ಬಿ.ಪಿ. ಹೆಚ್ಚಾದ್ರೆ ಚುಚ್ಚಿ ನಾಲಿಗೆ ಕೆಳಗೆ ಹಾಕ್ಕೊಳ್ಳಿ ಅಂತ ಹಿಂದೆ ಹೇಳಿದ್ರಮ್ಮ.”

ಹಿಂದೆ ಹಾಗೆ ಮಾಡುತ್ತಿದ್ದರು, ನಿಜ. ಒತ್ತಡ ದಢಾರನೆ ಕುಸಿದು ಮಿದುಳಿಗೂ ಹೃದಯಕ್ಕೂ ರಕ್ತ ಸಾಲದೆ ಪಾರ್ಶ್ವವಾಯು, ಹೃದಯಾಘಾತ ಆದದ್ದು ಕಂಡುಬಂದ ಮೇಲೆ, ಅದನ್ನು ನಿಲ್ಲಿಸಬೇಕೆಂದು 1996ರಲ್ಲೇ ಅಮೆರಿಕದ ವೈದ್ಯಕೀಯ ಪತ್ರಿಕೆಯಲ್ಲಿ ತಜ್ಞರು ಬರೆದರು. ಡಾಕ್ಟರಮ್ಮ ಮೇಷ್ಟ್ರಿಗೆ ಬಿಡಿಸಿ ಹೇಳುತ್ತಾರೆ: ಅಂಕಿ 180/120 ಕಂಡರೆ ಮೊದಲು ಸುಮ್ಮನೆ ಕೂತು ಐದು ನಿಮಿಷ ಬಿಟ್ಟು ಮತ್ತೆ ನೋಡಿ, ಇಳಿಯದಿದ್ದರೆ ಅವತ್ತೇ ವೈದ್ಯರನ್ನು ಸಂಪರ್ಕಿಸಿ. ಎದೆನೋವು, ಏದುಸಿರು, ಬಾಯಿ ಸೊಟ್ಟಗಾಗುವುದು, ಕೈಕಾಲು ಸೋಲುವುದು, ಮಾತು ತೊದಲುವುದು ಕಂಡರೆ ಅಂಕಿಗೂ ಕಾಯದೆ 108ಕ್ಕೆ ಫೋನ್ ಮಾಡಿ. ಹಾಗೆಯೇ, ನಿಧಾನವಾಗಿ ಔಷಧ ಬಿಡುವಂತೆ ಮಾಡಿದ ‘ರಿಟಾರ್ಡ್’ ಮಾತ್ರೆಯನ್ನು ಅಗಿಯಬಾರದು, ಪುಡಿ ಮಾಡಬಾರದು. ಇಡೀ ದಿನಕ್ಕೆಂದು ಇಟ್ಟದ್ದು ಒಂದೇ ಸಲ ರಕ್ತಕ್ಕೆ ಸೇರಿಬಿಡುತ್ತದೆ.

ಅವರ ಹಿಂದೆ ನಿಂತವರ ನಾಡಿ ಹಿಡಿದ ಸಿಸ್ಟರ್ ಗಡಿಯಾರ ನೋಡಿ ತಕ್ಷಣ ಒಳಗೆ ಕಳಿಸುತ್ತಾರೆ. ನಿಮಿಷಕ್ಕೆ 46. ಒಬ್ಬ ವೈದ್ಯರು ಡಿಲ್ಟಿಯಾಜೆಮ್, ಇನ್ನೊಬ್ಬರು ಮೆಟೊಪ್ರೊಲಾಲ್ ಬರೆದಿದ್ದಾರೆ. ಡಿಲ್ಟಿಯಾಜೆಮ್, ವೆರಾಪಮಿಲ್ ಕೂಡ ಕ್ಯಾಲ್ಸಿಯಂ ದಾರಿ ತಡೆಯುವ ಮಾತ್ರೆಗಳೇ, ಆದರೆ ಅವು ಹೃದಯದ ಬಡಿತವನ್ನೂ ನಿಧಾನಿಸುತ್ತವೆ. ಮೆಟೊಪ್ರೊಲಾಲ್, ಅಟೆನೊಲಾಲ್‌ನ ಕೆಲಸವೂ ಅದೇ. ಜೊತೆಯಾದರೆ ಬಡಿತ ಅಪಾಯದ ಮಟ್ಟಕ್ಕೆ ಇಳಿಯಬಹುದು. ಇ.ಸಿ.ಜಿ. ತೆಗೆಯಲು ಕರೆದೊಯ್ಯುತ್ತಾರೆ.

ಔಷಧಿ ಕೊಡುವ ಕಿಟಕಿಯ ಬಳಿ ಅಜ್ಜಿಯ ಮಗ ಮತ್ತೆ ಸಿಗುತ್ತಾರೆ. ಫಾರ್ಮಸಿಸ್ಟ್ ಕೇಳುವ ಪ್ರಶ್ನೆಗಳಿಗೆ ಕಿವಿಗೊಡಿ. ಕೊಲೆಸ್ಟರಾಲಿಗೆ ಸಿಮ್ವಾಸ್ಟಾಟಿನ್ ಇದೆಯೇ? ಅಮ್ಲೋಡಿಪಿನ್ ಜೊತೆ ಅದು 20 ಮಿ.ಗ್ರಾಂ. ದಾಟಬಾರದು. ಹೊಟ್ಟೆಹುಣ್ಣಿಗೋ ಕೆಮ್ಮಿಗೋ ಕ್ಲಾರಿಥ್ರೊಮೈಸಿನ್ ಕೊಟ್ಟರೆ ಬಿ.ಪಿ. ಮಾತ್ರೆಯ ಹೆಸರು ಹೇಳುತ್ತೀರಾ? ಅದು ಯಕೃತ್ತಿನಲ್ಲಿ ಅಮ್ಲೋಡಿಪಿನ್ ಕರಗುವುದನ್ನು ತಡೆದು ಒತ್ತಡವನ್ನು ತೀರಾ ಇಳಿಸಬಲ್ಲದು. ಒಸಡು ಊದಿದೆಯೇ? ಅದೂ ಈ ಮಾತ್ರೆಯಿಂದ ಆಗುವುದುಂಟು, ಹಲ್ಲಿನ ಡಾಕ್ಟರಿಗೆ ಹೇಳಬೇಕು.

“ಅವ್ವನಿಗೆ ಚಕ್ಕೋತ ಕೊಡಬಹುದಾ ಸರ್? ಮನೆ ಹಿತ್ತಲಲ್ಲೇ ಮರ ಇದೆ.”

ದೇವನಹಳ್ಳಿಯಲ್ಲಿ ಈ ಪ್ರಶ್ನೆ ಬರಲೇಬೇಕು. ಇಲ್ಲಿಯ ಚಕ್ಕೋತಕ್ಕೆ ಭೌಗೋಳಿಕ ಗುರುತಿನ ಮಾನ್ಯತೆಯಿದೆ. ಅದರ ಹತ್ತಿರದ ನೆಂಟ ಗ್ರೇಪ್‌ಫ್ರೂಟ್ ರಸದೊಂದಿಗೆ ಇದೇ ಗುಂಪಿನ ಫೆಲೋಡಿಪಿನ್ ನುಂಗಿದರೆ ರಕ್ತದಲ್ಲಿ ಮಾತ್ರೆಯ ಮಟ್ಟ ಬಹಳ ಏರುತ್ತದೆ ಎಂಬುದನ್ನು ಕೆನಡಾದ ಡೇವಿಡ್ ಬೈಲಿ ಮತ್ತು ಸಂಗಡಿಗರು 1991ರಲ್ಲಿ ತೋರಿಸಿದರು. ಆ ಕೆಲಸ ಮಾಡುವ ಬಗೆಯ ರಾಸಾಯನಿಕಗಳು ಚಕ್ಕೋತದಲ್ಲೂ ಇವೆ. ಫೆಲೋಡಿಪಿನ್, ನಿಫೆಡಿಪಿನ್, ವೆರಾಪಮಿಲ್ ತೆಗೆದುಕೊಳ್ಳುವವರು ಇದನ್ನು ಬಿಡುವುದೇ ಒಳ್ಳೆಯದು. ಅಮ್ಲೋಡಿಪಿನ್ ಮೇಲೆ ಪ್ರಭಾವ ಕಡಿಮೆ. “ಯಾವಾಗಲಾದ್ರೂ ಒಂದೆರಡು ತೊಳೆಗೆ ಹೆದರಬೇಡಿ. ದಿನಾ ತಿನ್ನೋದಾದ್ರೆ ಡಾಕ್ಟರಿಗೆ ಹೇಳಿ.” ಕ್ಯಾಲ್ಸಿಯಂ ಮಾತ್ರೆ, ಹಾಲು ನಿಲ್ಲಿಸಬೇಕೇ ಎಂದು ಹಿಂದಿನಿಂದ ಯಾರೋ ಕೇಳುತ್ತಾರೆ. ಬೇಕಿಲ್ಲ. ಈ ಔಷಧ ಮೂಳೆಯ ಕ್ಯಾಲ್ಸಿಯಂ ತೆಗೆಯುವುದಿಲ್ಲ.

ಕೊನೆಗೆ ಫಾರ್ಮಸಿಸ್ಟ್ ಧ್ವನಿ ಗಟ್ಟಿ ಮಾಡುತ್ತಾರೆ. “ಮನೇಲಿ ಚಿಕ್ಕ ಮಕ್ಕಳಿದಾರಾ? ಹಂಗಾದ್ರೆ ಈ ಚೀಲ ಗೂಟಕ್ಕೆ ನೇತುಹಾಕೋದು ಬೇಡ, ಬೀಗ ಹಾಕೋ ಕಡೆ ಇಡಿ.” ಕ್ಯಾಲ್ಸಿಯಂ ದಾರಿ ತಡೆಯುವ ಈ ಗುಂಪಿನ ಒಂದೆರಡು ಮಾತ್ರೆಗಳೂ ಎಳೆಯ ಮಗುವಿನ ಜೀವಕ್ಕೆ ಕುತ್ತು ತರಬಹುದು. ಮಗು ನುಂಗಿದ್ದು ಗೊತ್ತಾದರೆ, ಆಡಿಕೊಂಡೇ ಇದ್ದರೂ, ವಾಂತಿ ಮಾಡಿಸುತ್ತ ಕೂರದೆ ಸ್ಟ್ರಿಪ್ ಸಮೇತ ಆಸ್ಪತ್ರೆಗೆ ಓಡಬೇಕು.

ಅಮ್ಲೋಡಿಪಿನ್ ಒಳ್ಳೆಯ ಮಾತ್ರೆ. ವಿಶ್ವ ಆರೋಗ್ಯ ಸಂಸ್ಥೆಯ ಅಗತ್ಯ ಔಷಧಿಗಳ ಪಟ್ಟಿಯಲ್ಲಿದೆ, ಅಗ್ಗವಾಗಿದೆ, ಹಳ್ಳಿಯ ಕೇಂದ್ರದಲ್ಲೂ ಸಿಗುತ್ತದೆ, ಪಾರ್ಶ್ವವಾಯುವಿನಿಂದ ಜನರನ್ನು ಉಳಿಸುತ್ತಿದೆ. ಅದನ್ನು ಹೆದರಿ ಬಿಟ್ಟವರಿಗೂ, ತಿಳಿಯದೆ ಎರಡೆರಡು ನುಂಗಿದವರಿಗೂ ಆಗುವ ಹಾನಿ ತಪ್ಪಿಸಲು ದೊಡ್ಡ ಯಂತ್ರ ಬೇಕಿಲ್ಲ. ಮನೆಯ ಎಲ್ಲ ಮಾತ್ರೆಗಳನ್ನೂ ಒಬ್ಬ ವೈದ್ಯರು ಒಟ್ಟಿಗೆ ನೋಡಿದರೆ ಸಾಕು. ಇವತ್ತು ಸಂಜೆ ನಿಮ್ಮ ಅಪ್ಪನದೋ ಅಮ್ಮನದೋ ಡಬ್ಬಿ ತೆಗೆಯಿರಿ. ದಪ್ಪಕ್ಷರದ ಹೆಸರು ಬಿಟ್ಟು ಹಿಂಭಾಗದ ಸಣ್ಣಕ್ಷರ ಓದಿ, ಒಂದೊಂದನ್ನೂ ಹಾಳೆಯಲ್ಲಿ ಬರೆಯಿರಿ. ಒಂದೇ ಔಷಧ ಎರಡು ಕಡೆ ಕಂಡರೆ ಮುಂದಿನ ಹೊತ್ತಿನ ಮಾತ್ರೆಗೆ ಮುಂಚೆಯೇ ವೈದ್ಯರನ್ನೋ ಫಾರ್ಮಸಿಸ್ಟರನ್ನೋ ಕೇಳಿ. ಆ ಹಾಳೆಯನ್ನು ಜೇಬಿನಲ್ಲಿಟ್ಟುಕೊಂಡು, ಯಾವ ಕ್ಲಿನಿಕ್ಕಿಗೆ ಹೋದರೂ ಬಾಯಿ ತೆರೆಯುವ ಮೊದಲೇ ಅದನ್ನು ಕೊಡಿ.