ಅಗೆಯದ ಹಿತ್ತಲು

ಹಿತ್ತಲಿನಲ್ಲಿ ನಾಲ್ಕು ಬಗೆಯ ತರಕಾರಿ ಬೆಳೆಯಬೇಕೆನ್ನುವ ಶ್ರಾವಕನಿಗೆ ಗುದ್ದಲಿಯನ್ನು ಕೈಗೆತ್ತಿಕೊಳ್ಳುವಾಗಲೇ ಒಂದು ಅಳುಕು. ಒಂದೊಂದು ಏಟಿಗೂ ಎಷ್ಟು ಎರೆಹುಳುಗಳು ತುಂಡಾದವೋ, ಎಷ್ಟು ಇರುವೆಗೂಡುಗಳು ಕುಸಿದವೋ! ಭಗವಾನ್ ಆದಿನಾಥನು ಬೋಧಿಸಿದ ಷಟ್ಕರ್ಮಗಳಲ್ಲಿ ಕೃಷಿಯೂ ಒಂದು. ಗೃಹಸ್ಥನಿಗೆ ಆರಂಭೀ ಹಿಂಸೆ ಪೂರ್ಣವಾಗಿ ತಪ್ಪುವಂಥದಲ್ಲ. ಆದರೂ ಆ ಅಳುಕು ಹೋಗುವುದಿಲ್ಲ, ಹೋಗಲೂ ಬಾರದು. ಸಂತೆಯಿಂದ ಕೊಂಡು ತಂದರೆ ತೊಡಕು ಕಳೆಯಿತೆಂದು ಕೆಲವರು ಭಾವಿಸುತ್ತಾರೆ. ಕೃತ, ಕಾರಿತ, ಅನುಮೋದನ ಎಂಬ ಮೂರನ್ನೂ ಆಚಾರ್ಯರು ಒಟ್ಟಿಗೆ ಹೇಳಿರುವುದನ್ನು ಅವರು ಮರೆತಂತಿದೆ. ಬದನೆಕಾಯಿ ಕೊಂಡವನ ಕೈಗೆ ಮಣ್ಣು ಹತ್ತಿಲ್ಲ, ಅಷ್ಟೆ.

ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ನಿಷ್ಪ್ರಯೋಜನವಾಗಿ ನೆಲವನ್ನು ಕೆದಕುವುದು, ಗಿಡಗಳನ್ನು ಕಡಿಯುವುದು ಮೊದಲಾದವನ್ನು ಪ್ರಮಾದಚರ್ಯೆಯೆಂದು ಕರೆದು ಅನರ್ಥದಂಡದಲ್ಲಿ ಸೇರಿಸಿದ್ದಾರೆ. ಬೆಳೆಗಾಗಿ ಅಗೆಯುವುದು ನಿಷ್ಪ್ರಯೋಜನವಲ್ಲವೆಂದೇ ಇದುವರೆಗಿನ ತಿಳಿವಳಿಕೆ. ಅಗೆಯದೆಯೂ ಅಷ್ಟೇ ಬೆಳೆ ಬರುವುದಾದರೆ?

ಬರುತ್ತದೆ. ಜಪಾನಿನ ಮಸನೊಬು ಫುಕುವೊಕಾ ದಶಕಗಳ ಕಾಲ ಉಳದ ಗದ್ದೆಯಲ್ಲಿ ಬತ್ತ ಬೆಳೆದು, 1975ರಲ್ಲಿ ಅದನ್ನು ಪುಸ್ತಕವಾಗಿ ಬರೆದರು. ಅವರದು ಕಾಂಪೋಸ್ಟನ್ನೂ ಒಲ್ಲದ ಕಠಿಣ ಮಾರ್ಗ. ಹಿತ್ತಲಿಗೆ ಹೆಚ್ಚು ಹೊಂದುವುದು ಇಂಗ್ಲೆಂಡಿನ ಚಾರ್ಲ್ಸ್ ಡೌಡಿಂಗ್ ಅವರ ಕ್ರಮ. ಅವರು ಅಗೆದ ಪಾತಿಯನ್ನೂ ಅಗೆಯದ ಪಾತಿಯನ್ನೂ ಅಕ್ಕಪಕ್ಕದಲ್ಲಿಟ್ಟು, ಎರಡಕ್ಕೂ ಸಮನಾಗಿ ಗೊಬ್ಬರ ಕೊಟ್ಟು, ಫಸಲನ್ನು ವರ್ಷವರ್ಷವೂ ತೂಗಿದ್ದಾರೆ. ಅಗೆಯದ ಪಾತಿ ಹಿಂದೆ ಬಿದ್ದಿಲ್ಲ. ಒಟ್ಟು ಲೆಕ್ಕದಲ್ಲಿ ತುಸು ಮುಂದೆಯೇ ಇದೆ. ಕಾರಣ ಗೂಢವೇನಲ್ಲ. ಎರೆಹುಳುಗಳು ಕೊರೆದ ದಾರಿಗಳಲ್ಲಿಯೇ ನೀರೂ ಗಾಳಿಯೂ ಇಳಿಯುತ್ತವೆ. ಅಗೆತ ಆ ದಾರಿಗಳನ್ನು ಮುಚ್ಚಿಬಿಡುತ್ತದೆ. ಮಣ್ಣಿನಾಳದಲ್ಲಿ ಮಲಗಿದ್ದ ಕಳೆಬೀಜಗಳು ಅಗೆದಾಗ ಬೆಳಕು ಕಂಡು ಮೊಳೆಯುತ್ತವೆ, ಮತ್ತೆ ಅಗೆಯಬೇಕಾಗುತ್ತದೆ.

ಪಾತಿ ಮಾಡುವ ಬಗೆ ಸರಳ. ಹುಲ್ಲನ್ನು ಕೀಳದೆ ಅದರ ಮೇಲೆ ರಟ್ಟಿನ ಪೆಟ್ಟಿಗೆಗಳನ್ನು ಬಿಡಿಸಿ, ಅಂಟುಪಟ್ಟಿಗಳನ್ನು ತೆಗೆದು, ಒಂದರ ಅಂಚಿನ ಮೇಲೆ ಇನ್ನೊಂದು ಬರುವಂತೆ ಹಾಸಿ ನೀರು ಹನಿಸಬೇಕು. ಮೇಲೆ ನಾಲ್ಕರಿಂದ ಆರು ಅಂಗುಲ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ. ಹಸಿ ಸಗಣಿ ಸಲ್ಲದು. ಅದರ ಕಾವಿಗೆ ಎಳೆಬೇರುಗಳು ಸುಡುತ್ತವೆ. ಕೈಯಲ್ಲಿ ಹಿಡಿದರೆ ಪುಡಿಯಾಗಿ, ಮಳೆ ಬಿದ್ದ ಮಣ್ಣಿನಂತೆ ಮಣಮಣಿಸಿದರೆ ಅದು ಹದವಾದ ಗೊಬ್ಬರ. (ಕೋಳಿಫಾರಂ ಗೊಬ್ಬರ ಅಗ್ಗವೆಂದು ಕೊಳ್ಳುವವರು ಅದು ಬಂದ ದಾರಿಯನ್ನೂ ಯೋಚಿಸುವುದು ಒಳಿತು.) ಹೀರೆ, ಬೆಂಡೆ, ಹರಿವೆ, ಅಲಸಂದೆ ಇದರಲ್ಲಿ ಹುಲುಸಾಗಿ ಬರುತ್ತವೆ, ಅಂಚಿನಲ್ಲಿ ಒಂದು ಪಪ್ಪಾಯಿಯೂ ಇರಬಹುದು. ಮುಂದೆ ವರ್ಷಕ್ಕೊಮ್ಮೆ ಒಂದೆರಡು ಅಂಗುಲ ಗೊಬ್ಬರ ಹರಡಿದರೆ ಸಾಕು. ಫಸಲು ಮುಗಿದ ಗಿಡವನ್ನು ಕೀಳದೆ ನೆಲಮಟ್ಟಕ್ಕೆ ಕೊಯ್ದರೆ ಬೇರು ಅಲ್ಲಿಯೇ ಕಳಿಯುತ್ತದೆ. ಪಾತಿಯನ್ನು ತುಳಿಯಬಾರದು. ಇದೆಲ್ಲ ಆಷಾಢಕ್ಕೆ ಮುನ್ನ ಮುಗಿದಿರಬೇಕು. ಮುನಿಗಳು ಒಂದೆಡೆ ನೆಲೆ ನಿಲ್ಲುವಷ್ಟು ಜೀವರಾಶಿ ತುಂಬುವ ಕಾಲ ಅದು. ಗೆಡ್ಡೆಗೆಣಸುಗಳಿಗೆ ಮಾತ್ರ ಇಲ್ಲಿ ಎಡೆಯಿಲ್ಲ. ಅವನ್ನು ಕೀಳಬೇಕಾದರೆ ನೆಲ ಕೆದಕಲೇಬೇಕು. ಕಂದಮೂಲ ವರ್ಜಿಸಿದ ಮನೆಗೆ ಅದೊಂದು ನಷ್ಟವೇ ಅಲ್ಲ.

ಹಾಗೆಂದು ಇದನ್ನು ಹಿಂಸೆಯಿಲ್ಲದ ತೋಟವೆಂದು ಹೇಳಿಕೊಂಡರೆ ಸುಳ್ಳಾದೀತು. ರಟ್ಟಿನಡಿಯ ಹುಲ್ಲು ಬೆಳಕಿಲ್ಲದೆ ಸಾಯುತ್ತದೆ, ಹುಲ್ಲೂ ಏಕೇಂದ್ರಿಯ ಜೀವಿಯೇ. ಕಾವೇರಿದ ಗೊಬ್ಬರದ ರಾಶಿಯಲ್ಲಿ ಓಡಲಾರದವು ಬೇಯುತ್ತವೆ. ಬೇಸಗೆಯಲ್ಲಿ ರಟ್ಟಿಗೆ ಗೆದ್ದಲು ಹತ್ತುತ್ತದೆ. ಪಾತಿಯನ್ನು ಮನೆಯ ಮರದ ಕಂಬಗಳಿಂದ ದೂರವಿಟ್ಟು ತೇವವಾಗಿರಿಸಿದರೆ ಔಷಧಿ ಸುರಿಯುವ ಪ್ರಸಂಗವೇ ಬಾರದಿರಬಹುದು. ಗೊಬ್ಬರ ಹರಡುವಾಗ ದಪ್ಪನೆಯ ಬಿಳಿ ಹುಳುಗಳು ಸಿಗುತ್ತವೆ. ಅವುಗಳಲ್ಲಿ ತೆಂಗಿಗೆ ಕಂಟಕವಾಗುವ ದುಂಬಿಯ ಮರಿಗಳೂ ಇರುತ್ತವೆ. ಅವನ್ನು ಹೊಸಕಿ ಹಾಕುವುದೇ ವಾಡಿಕೆ. ಮರಳಿ ರಾಶಿಗೇ ಬಿಟ್ಟರೆ ದುಂಬಿಯಾಗಿ ನೆರೆಯವನ ತೆಂಗಿನ ಸುಳಿ ಕೊರೆದಾವು. ಗುದ್ದಲಿಯನ್ನು ಕೆಳಗಿಟ್ಟ ಶ್ರಾವಕನಿಗೆ ಈ ಹುಳುವಿನ ಮುಂದೆ ಸಿದ್ಧ ಉತ್ತರವಿಲ್ಲ. ಅಗೆಯುತ್ತಿದ್ದಾಗ ಅದು ಅವನ ಕಣ್ಣಿಗೇ ಬಿದ್ದಿರಲಿಲ್ಲ.