ಐದು ಊರು ತಿರುಗಿದ ಹಳೆಯ ಲ್ಯಾಪ್‌ಟಾಪು

ಬೆಳಗಾವಿ ಜಿಲ್ಲೆಯ ಉತ್ತರದಂಚಿನಲ್ಲಿ, ವೇದಗಂಗೆ ದೂಧಗಂಗೆಗಳ ನೀರು ಕೃಷ್ಣೆಯನ್ನು ಸೇರುವ ಸೀಮೆಯಲ್ಲಿ, ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಕಾಗವಾಡ, ಅಥಣಿ ಎಂಬ ಐದು ಊರುಗಳು ಒಂದೇ ಬಳಗದ ಮನೆಗಳಂತೆ ಹರಡಿಕೊಂಡಿವೆ. ನಿಪ್ಪಾಣಿ, ಕಾಗವಾಡಗಳು ತಾಲ್ಲೂಕುಗಳಾದದ್ದು ತೀರ ಈಚೆಗೆ. ಆದರೆ ಚಿಕ್ಕೋಡಿಯ ಹೆಣ್ಣು ಅಥಣಿಯ ಸೊಸೆಯಾಗುವುದೂ, ರಾಯಬಾಗದ ಎತ್ತು ಕಾಗವಾಡದ ಹೊಲ ಉಳುವುದೂ ಬಹು ಹಿಂದಿನಿಂದ ನಡೆದು ಬಂದ ಮಾತು. ಇಲ್ಲಿ ಮನೆಯೊಳಗೆ ಕನ್ನಡ ನಡೆದರೆ ಪೇಟೆಯಲ್ಲಿ ಮರಾಠಿಯೂ ನಡೆಯುತ್ತದೆ. ಎರಡು ಭಾಷೆಯವರಿಗೂ ವ್ಯಾಪಾರದಲ್ಲಿ ಬೇಕಾದ ಮಾತುಗಳು ಮುಖ್ಯವಾಗಿ ಎರಡೇ: ಒಂದು ರೊಕ್ಕ, ಇನ್ನೊಂದು ಉದ್ರಿ. ಕೊಡುವವನಿಗೆ ಮೊದಲನೆಯದು ಪ್ರಿಯ, ಕೊಳ್ಳುವವನಿಗೆ ಎರಡನೆಯದು.

ಚಿಕ್ಕೋಡಿಯ ಒಬ್ಬ ಶಾಲಾ ಮಾಸ್ತರರ ಮನೆಯನ್ನು ಓದುಗರು ಮನಸ್ಸಿಗೆ ತಂದುಕೊಳ್ಳಬಹುದು. ಹೆಸರು ಬೇಕಿಲ್ಲ, ಇಂಥ ಮನೆಗಳು ಈ ಸೀಮೆಯಲ್ಲಿ ಹಲವು. 2020ರ ಮಾರ್ಚಿಯಲ್ಲಿ ದೇಶಕ್ಕೆ ದೇಶವೇ ಬಾಗಿಲು ಹಾಕಿಕೊಂಡು, ಪಾಠಗಳೆಲ್ಲ ತೆರೆಯ ಮೇಲೆ ನಡೆಯತೊಡಗಿದಾಗ, ಮಗಳಿಗಾಗಿ ಮಾಸ್ತರರು ಒಂದು ಲ್ಯಾಪ್‌ಟಾಪನ್ನು ಕೊಂಡಿದ್ದರು. ಈಗ ಮಗಳು ಪದವಿ ಮುಗಿಸಿ ಬೆಳಗಾವಿಯಲ್ಲಿ ಕೆಲಸಕ್ಕೆ ಸೇರಿದ್ದಾಳೆ. ಕಚೇರಿಯವರೇ ಅವಳಿಗೆ ಬೇರೊಂದು ಯಂತ್ರ ಕೊಟ್ಟಿದ್ದಾರೆ. ತಮ್ಮನಿಗೆ ಪಾಲಿಟೆಕ್ನಿಕ್ ಸೇರಲು ಫೀ ಕಟ್ಟಬೇಕಾಗಿದೆ. ಎರಡೆಕರೆಯ ಕಬ್ಬನ್ನು ಮಾಘದಲ್ಲಿಯೇ ಕಳಿಸಿದ್ದಾಗಿದೆ, ಆದರೆ ಬಿಲ್ಲಿನ ಕೊನೆಯ ಕಂತು ಇನ್ನೂ ಕೈಸೇರಿಲ್ಲ. ಕಬ್ಬು ಕೊಟ್ಟ 14 ದಿನಗಳೊಳಗೆ ಹಣ ಸಲ್ಲಬೇಕೆಂದು 1966ರ ಕಬ್ಬು ನಿಯಂತ್ರಣ ಆದೇಶವೇನೋ ಹೇಳುತ್ತದೆ. ಆದೇಶದ ಕಾಗದದಿಂದ ಕಾಲೇಜಿನ ಫೀ ಕಟ್ಟಲಾಗುವುದಿಲ್ಲ. ಆದ್ದರಿಂದ ಹಳೆಯ ಯಂತ್ರವನ್ನು ಮಾರುವುದೆಂದು ನಿಶ್ಚಯವಾಯಿತು, ಅದೂ ರೊಕ್ಕಕ್ಕೆ.

ಒಂದು ಆದಿತ್ಯವಾರ ತಂದೆ ಮಗಳು ಇಬ್ಬರೂ ಯಂತ್ರವನ್ನು ಬಟ್ಟೆಯ ಚೀಲದಲ್ಲಿರಿಸಿಕೊಂಡು ವಾಯವ್ಯ ಸಾರಿಗೆಯ ಬಸ್ಸಿನಲ್ಲಿ ನಿಪ್ಪಾಣಿಗೆ ಹೊರಟರು. ಪುಣೆ-ಬೆಂಗಳೂರು ಹೆದ್ದಾರಿಯ ಮೇಲಿರುವ ನಿಪ್ಪಾಣಿ ಬೀಡಿ ತಂಬಾಕಿನ ಹಳೆಯ ಪೇಟೆ. ಮಾಲನ್ನು ಮೊದಲು ಕೊಟ್ಟು ಹಣಕ್ಕೆ ಆಮೇಲೆ ಕಾಯುವ ಸಂಕಟವೇನೆಂಬುದನ್ನು ಈ ಊರಿನಷ್ಟು ಬಲ್ಲ ಊರು ಮತ್ತೊಂದಿರಲಾರದು. 1981ರಲ್ಲಿ ತಂಬಾಕಿನ ರೈತರು ನ್ಯಾಯವಾದ ಬೆಲೆಗಾಗಿ ಶರದ ಜೋಶಿಯವರ ಮುಂದಾಳುತನದಲ್ಲಿ ಇದೇ ಹೆದ್ದಾರಿಯ ಮೇಲೆ ಕುಳಿತರು. ಆ ಏಪ್ರಿಲಿನಲ್ಲಿ ಪೋಲೀಸರ ಗುಂಡಿಗೆ ರೈತರು ಬಲಿಯಾದರು. ಬೆಲೆಯನ್ನು ಕೊಳ್ಳುವವನೊಬ್ಬನೇ ಗೊತ್ತುಮಾಡಿದರೆ ಮಾರುವವನ ಗತಿಯೇನೆಂಬ ಪ್ರಶ್ನೆಗೆ ನಿಪ್ಪಾಣಿ ರಕ್ತದಲ್ಲಿ ಬೆಲೆ ತೆತ್ತಿದೆ.

ಪೇಟೆಯ ಬೀದಿಯ ಒಂದು ಕಂಪ್ಯೂಟರ್ ರಿಪೇರಿ ಅಂಗಡಿಯವನು ಯಂತ್ರವನ್ನು ತೆರೆದು, ತಿರುವಿ, ತಳದ ಕ್ರಮಾಂಕವನ್ನು ಓದಿದನು. “ಎಂಟು ಸಾವಿರ ಕೊಡ್ತೀನ್ರಿ, ಮಾಸ್ತರ್ರ. 2015ರದೋ 16ರದೋ ಆಗಿದ್ರ ಇದರ ಅರ್ಧಾನೂ ಬರ್ತಿದ್ದಿಲ್ಲ” ಎಂದನು. ಅದಕ್ಕೆ ಕಾರಣವನ್ನೂ ಹೇಳಿದನು. ವಿಂಡೋಸ್ 10 ಎಂಬ ವ್ಯವಸ್ಥೆಗೆ ತಯಾರಕರು ಕೊಡುತ್ತಿದ್ದ ಸಾಮಾನ್ಯ ರಕ್ಷಣೆ 2025ರ ಅಕ್ಟೋಬರ್ 14ರಂದು ನಿಂತಿತು. ಮುಂದಿನ ವಿಂಡೋಸ್ 11ನ್ನು 2017ಕ್ಕೆ ಹಿಂದಿನ ಯಂತ್ರಗಳಲ್ಲಿ ಬಹುಪಾಲು ಒಪ್ಪುವುದಿಲ್ಲ. ಹೀಗೆ ಕೆಡದ ಯಂತ್ರಗಳೂ ಒಂದೇ ದಿನದಲ್ಲಿ ಮುದಿಯಾದವು. ಮಾಸ್ತರರ ಯಂತ್ರ ಆ ಗೆರೆಯ ಈಚೆಗಿತ್ತು. ಅಷ್ಟರ ಮಟ್ಟಿಗೆ ಪುಣ್ಯ.

“ಒಳಗಿಂದೆಲ್ಲ ತೆಗೆದೀರೇನ್ರಿ?” ಎಂದು ಅವನು ಕೇಳಿದನು. “ನಿನ್ನೆ ರಾತ್ರೀನ ಎಲ್ಲಾ ಡಿಲೀಟ್ ಮಾಡೀನಿ” ಎಂದಳು ಮಗಳು. ಅಂಗಡಿಯವನು ನಕ್ಕು, ಒಂದು ತಂತ್ರಾಂಶವನ್ನು ಓಡಿಸಿದನು. ಚಹಾ ಕುಡಿದು ಮುಗಿಯುವಷ್ಟರಲ್ಲಿ ಅಳಿಸಿದ ಕಡತಗಳು ಒಂದೊಂದಾಗಿ ತೆರೆಯ ಮೇಲೆ ಎದ್ದು ನಿಂತವು: ಹೊಲದ ಪಹಣಿಯ ಪ್ರತಿ, ಬ್ಯಾಂಕಿನ ಪಾಸ್‌ಬುಕ್ಕಿನ ಚಿತ್ರ, ಮನೆಯವರೆಲ್ಲರ ಆಧಾರ್ ಕಾರ್ಡು. ಕೊನೆಗೆ ‘ಅಜ್ಜಿ’ ಎಂಬ ಹೆಸರಿನದೊಂದು ಧ್ವನಿಯ ಕಡತ. ಅವನು ಅದನ್ನು ಒತ್ತಿದೊಡನೆ, ಮೂರು ವರ್ಷದ ಹಿಂದೆ ತೀರಿಹೋದ ಮುದುಕಿಯ ಕಂಠ ಆ ಗದ್ದಲದ ಬೀದಿಯಲ್ಲಿ ಬೀಸುವ ಕಲ್ಲಿನ ಹಾಡನ್ನು ಹಾಡತೊಡಗಿತು. ಲಾಕ್‌ಡೌನಿನ ಒಂದು ಮಧ್ಯಾಹ್ನ ಮೊಮ್ಮಗಳು ಆಟಕ್ಕೆಂದು ಹಿಡಿದಿಟ್ಟ ಧ್ವನಿ ಅದು. ಅವಳಿಗೂ ಮರೆತೇ ಹೋಗಿತ್ತು.

ಮಾಸ್ತರರು ಬಹಳ ಹೊತ್ತು ಮಾತನಾಡಲಿಲ್ಲ. ಆಮೇಲೆ “ಇವತ್ತ ಮಾರೂದು ಬ್ಯಾಡ” ಎಂದು ಯಂತ್ರವನ್ನು ಚೀಲದೊಳಗೆ ಇಟ್ಟುಕೊಂಡರು. ಅಂಗಡಿಯವನು ಬೇಸರಪಡಲಿಲ್ಲ. ಅಳಿಸುವುದೆಂದರೆ ಪುಸ್ತಕದ ಪರಿವಿಡಿಯನ್ನು ಮಾತ್ರ ಹರಿದಂತೆ, ಪುಟಗಳು ಒಳಗೇ ಇರುತ್ತವೆ ಎಂದು ತಿಳಿಸಿದನು. ಯಂತ್ರವನ್ನು ಹೊಸದರಂತೆ ಮಾಡುವ ‘ರೀಸೆಟ್’ ಆಜ್ಞೆಯಲ್ಲಿ ಎಲ್ಲವನ್ನೂ ತೆಗೆದುಹಾಕುವ ಮತ್ತು ಡಿಸ್ಕನ್ನು ಪೂರ್ತಿ ಶುದ್ಧಗೊಳಿಸುವ ಆಯ್ಕೆಗಳನ್ನೇ ಆರಿಸಬೇಕು, ಅದಕ್ಕೆ ಗಂಟೆಗಟ್ಟಲೆ ಹಿಡಿಯುತ್ತದೆ, ಅವಸರ ಕೂಡದು ಎಂದೂ ಹೇಳಿಕೊಟ್ಟನು. ಆ ರಾತ್ರಿ ಚಿಕ್ಕೋಡಿಯ ಮನೆಯಲ್ಲಿ ಮಗಳು ಅಜ್ಜಿಯ ಹಾಡನ್ನೂ ಕಾಗದಪತ್ರಗಳನ್ನೂ ಎರಡು ಪೆನ್‌ಡ್ರೈವುಗಳಿಗೆ ತೆಗೆದುಕೊಂಡಳು. ತನ್ನ ಖಾತೆಗಳಿಂದೆಲ್ಲ ಹೊರಬಂದಳು. ಬಳಿಕ ಯಂತ್ರ ಬೆಳಗಿನ ಜಾವದವರೆಗೆ ತನ್ನ ನೆನಪನ್ನು ತಾನೇ ತೊಳೆದುಕೊಂಡಿತು.

ಮುಂದಿನ ವಾರ ಪಯಣ ಪೂರ್ವಕ್ಕೆ ತಿರುಗಿತು. ಹಿಂದೆ ಕೊಲ್ಲಾಪುರ ಸಂಸ್ಥಾನಕ್ಕೆ ಸೇರಿದ್ದ ರಾಯಬಾಗದಲ್ಲಿ ಮಾಸ್ತರರ ಹೆಂಡತಿಯ ತವರು. ಈ ತಾಲ್ಲೂಕಿನ ಚಿಂಚಲಿಯಲ್ಲಿ ಮಾಘದ ಹುಣ್ಣಿಮೆಯ ಹೊತ್ತಿಗೆ ಮಾಯಕ್ಕನ ಜಾತ್ರೆ ನೆರೆಯುತ್ತದೆ. ಗಡಿಯ ಆಚೆಯಿಂದಲೂ ಭಕ್ತರು ಬಂದು ಭಂಡಾರ ಹಾರಿಸುತ್ತಾರೆ. ಮಗಳ ಸೋದರಮಾವ ಖಿಲಾರಿ ಎತ್ತುಗಳ ವ್ಯಾಪಾರದಲ್ಲಿ ಪಳಗಿದವರು. ಯಂತ್ರವನ್ನು ಕಂಡು ಅವರು ತಮ್ಮ ಸಂತೆಯ ವಿದ್ಯೆಯನ್ನೇ ವಿವರಿಸಿದರು.

“ಎತ್ತು ಕೊಳ್ಳಾವ ಮೊದಲ ಬಾಯಿ ತೆಗೆದು ಹಲ್ಲು ನೋಡ್ತಾನ. ಆಮ್ಯಾಲ ಸುಳಿ ನೋಡ್ತಾನ, ನಡಿಗಿ ನೋಡ್ತಾನ, ಗಳೇಕ್ಕ ಹೂಡಿ ನೋಡ್ತಾನ. ನೀನೂ ಹಂಗ ನೋಡಾಕ ಬಿಡು, ತಂಗೀ” ಎಂದರು ಅವರು. ದನದ ಸಂತೆಯಲ್ಲಿ ದಲಾಲರು ವಸ್ತ್ರದ ಮರೆಯಲ್ಲಿ ಬೆರಳು ಹಿಡಿದು ಬೆಲೆ ಹೇಳುವ ಪದ್ಧತಿಯುಂಟು. ಸುತ್ತ ನಿಂತವರಿಗೆ ಬೆಲೆ ತಿಳಿಯದು. ಆದರೆ ಎತ್ತಿನ ಗುಣದೋಷ ಮಾತ್ರ ಎಲ್ಲರ ಕಣ್ಣಿನೆದುರಿಗೇ ಇರುತ್ತದೆ. ಬೆಲೆಯನ್ನು ಮುಚ್ಚಿಡಬಹುದು, ದೋಷವನ್ನು ಮುಚ್ಚಿಡಬಾರದು ಎಂಬುದು ಅದರ ತಾತ್ಪರ್ಯ. ಮಗಳು ಆ ಸಂಜೆ ಕುಳಿತು ಯಂತ್ರದ ದೋಷಗಳನ್ನು ಒಂದು ಹಾಳೆಯ ಮೇಲೆ ಬರೆದಳು. ಯಂತ್ರವೇ ಒದಗಿಸುವ ಬ್ಯಾಟರಿಯ ವರದಿಯಲ್ಲಿ, ಹೊಸತಾಗಿದ್ದಾಗ ಹಿಡಿಯುತ್ತಿದ್ದ ಶಕ್ತಿ ಎಷ್ಟು, ಈಗ ಹಿಡಿಯುವುದೆಷ್ಟು ಎಂಬುದೆರಡೂ ಇದ್ದವು. ಈಗ ಅದು ಅರ್ಧಕ್ಕಿಂತ ತುಸು ಹೆಚ್ಚು. ಒಂದು ಕೀಲಿ ಒತ್ತಿದರೆ ಕೆಲವೊಮ್ಮೆ ಅಂಟಿಕೊಳ್ಳುತ್ತಿತ್ತು. ಅದನ್ನೂ ಬರೆದಳು.

ರಾಯಬಾಗದಲ್ಲಿ ಗಿರಾಕಿ ಸಿಗಲಿಲ್ಲವೆಂದಲ್ಲ. ಪಕ್ಕದ ಮನೆಯವರು ಹನ್ನೆರಡು ಸಾವಿರಕ್ಕೆ ಒಪ್ಪಿದರು. “ಕಬ್ಬಿನ ಬಿಲ್ಲು ಬಂದ ಕೂಡಲೇ ಕೊಡ್ತೀನ್ರಿ” ಎಂದರು. ಮಾಸ್ತರರು ನಗುತ್ತ “ನನ್ನ ರೊಕ್ಕಾನೂ ಅಲ್ಲೇ ಕುಂತೈತ್ರಿ” ಎಂದರು. ಇಬ್ಬರೂ ನಕ್ಕರು, ವ್ಯಾಪಾರ ಮುರಿಯಿತು, ನೆರೆಹೊರೆಯ ಸ್ನೇಹ ಉಳಿಯಿತು.

ರಾಯಬಾಗದಿಂದ ಮೀರಜದ ಕಡೆಗೆ ಹೋಗುವ ರೈಲು ಚಿಂಚಲಿ, ಕುಡಚಿಗಳನ್ನು ದಾಟಿ ಕೃಷ್ಣೆಯ ಸೇತುವೆಯನ್ನೇರುತ್ತದೆ. ಮುಂಗಾರಿನ ಮೊದಲ ಕೆಂಪು ನೀರು ಕೆಳಗೆ ಹರಿಯುತ್ತಿತ್ತು. ನದಿಯಾಚೆಯ ಉಗಾರದಲ್ಲಿ 1939ರಲ್ಲಿ ಸ್ಥಾಪನೆಯಾದ ಸಕ್ಕರೆ ಕಾರಖಾನೆಯ ಚಿಮಣಿ ದೂರದಿಂದಲೇ ಕಾಣುತ್ತದೆ. ಕಾಗವಾಡ ತಾಲ್ಲೂಕು ಇಲ್ಲಿಂದಲೇ. ಮಹಾರಾಷ್ಟ್ರದ ಮೀರಜ ಕೂಗಳತೆ. ಕಾಗವಾಡದ ಬಸ್ ನಿಲ್ದಾಣದಲ್ಲಿ ಅಥಣಿಯ ಬಸ್ಸಿಗಾಗಿ ಕಾದಿದ್ದಾಗ ಮಗಳ ಫೋನು ಮೊಳಗಿತು. ಅವಳು ಕೊಟ್ಟಿದ್ದ ಜಾಹೀರಾತನ್ನು ಕಂಡು ಯಾರೋ ಕರೆದಿದ್ದರು. ತಾನು ಸೈನ್ಯದಲ್ಲಿರುವವನೆಂದೂ, ಹದಿನೈದು ಸಾವಿರ ಕೊಡುವೆನೆಂದೂ, ಯಂತ್ರವನ್ನು ನೋಡಬೇಕಾಗಿಲ್ಲವೆಂದೂ ಹೇಳಿದನು. ಕಳಿಸುವ ಚೌಕಚಿತ್ರವನ್ನು ಸ್ಕ್ಯಾನ್ ಮಾಡಿ ಪಿನ್ ಒತ್ತಿದರೆ ಹಣ ಖಾತೆಗೆ ಬೀಳುವುದಂತೆ.

ಕೇಳಿದ್ದಕ್ಕಿಂತ ಹೆಚ್ಚು ಬೆಲೆ, ಅದೂ ಹಲ್ಲು ನೋಡದೆ! ಸೋದರಮಾವನ ಪಾಠ ಮಗಳಿಗೆ ನೆನಪಾಯಿತು. ಯುಪಿಐಯಲ್ಲಿ ಪಿನ್ ಬೇಕಾಗುವುದು ಹಣ ಕೊಡುವಾಗ. ಪಡೆಯುವಾಗ ಅದರ ಅಗತ್ಯವೇ ಇಲ್ಲ. ಪಿನ್ ಒತ್ತಿದ್ದರೆ ಮಾಸ್ತರರ ಖಾತೆಯಿಂದಲೇ ಹಣ ಹೊರಡುತ್ತಿತ್ತು. ಅವಳು “ಬಂದು ನೋಡಿ, ರೊಕ್ಕ ಕೊಟ್ಟು ಒಯ್ಯಿರಿ” ಎಂದಳು. ಕರೆ ಒಡನೆಯೇ ತುಂಡಾಯಿತು.

ಅಥಣಿ ಮುರುಘೇಂದ್ರ ಶಿವಯೋಗಿಗಳ ಗಚ್ಚಿನಮಠದ ಊರು. ಚರ್ಮದ ಚಪ್ಪಲಿಗಳ ಊರು ಕೂಡ. ಜಗತ್ತು ಕೊಲ್ಲಾಪುರಿ ಎಂದು ಕರೆಯುವ ಚಪ್ಪಲಿಯನ್ನು ಅಥಣಿಯ ಕುಶಲಕರ್ಮಿಗಳು ತಲೆತಲಾಂತರದಿಂದ ಮಾಡುತ್ತ ಬಂದಿದ್ದಾರೆ. ಜಾಲಿಯ ತೊಗಟೆ, ಅಳಲೆಕಾಯಿಗಳಿಂದ ಹದಮಾಡಿದ ಚರ್ಮ. ಮೊಳೆಯಿಲ್ಲ, ಚರ್ಮದ ದಾರದಿಂದಲೇ ಹೊಲಿಗೆ. 2019ರಲ್ಲಿ ಇದಕ್ಕೆ ಕರ್ನಾಟಕ ಮಹಾರಾಷ್ಟ್ರಗಳ ಜಿಲ್ಲೆಗಳಿಗೆ ಒಟ್ಟಾಗಿ ಭೌಗೋಳಿಕ ಗುರುತು ದೊರೆಯಿತು. 2025ರ ಜೂನಿನಲ್ಲಿ ಇಟಲಿಯ ಪ್ರಾಡಾ ಸಂಸ್ಥೆ ಮಿಲಾನಿನ ಪ್ರದರ್ಶನದಲ್ಲಿ ಇಂಥವೇ ಚಪ್ಪಲಿಗಳನ್ನು ಮೂಲ ಹೇಳದೆ ತೋರಿಸಿ, ಟೀಕೆ ಬಂದ ಮೇಲೆ ಅವುಗಳಿಗೆ ಭಾರತದ ಕೈಕೆಲಸವೇ ಪ್ರೇರಣೆಯೆಂದು ಒಪ್ಪಿಕೊಂಡಿತು. ವಸ್ತು ಎಲ್ಲಿಂದ ಬಂದಿತೆಂಬುದು ಅದರ ಬೆಲೆಯ ಒಂದು ಭಾಗವೆಂದು ಅಥಣಿಗೆ ಗೊತ್ತು.

ಆದ್ದರಿಂದಲೇ, ಪರಿಚಯದವರ ಮೂಲಕ ಗೊತ್ತಾದ ಚಪ್ಪಲಿ ಮಾಡುವ ಮನೆಯ ಹಿರಿಯರು ಮೊದಲು ಕೇಳಿದ್ದು ಬಿಲ್ಲನ್ನು. “ತಪ್ಪ ತಿಳೀಬ್ಯಾಡ್ರಿ ಸರ, ಕಳವಿನ ಮಾಲು ಮನ್ಯಾಗ ಬರಬಾರದು” ಎಂದರು. ಅವರ ಮಾತು ಸರಿಯಾದದ್ದೇ. ಕಳವಿನದೆಂದು ತಿಳಿದೂ ವಸ್ತುವನ್ನು ಪಡೆದವನಿಗೆ 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 317ನೆಯ ಕಲಮಿನಲ್ಲಿ ಶಿಕ್ಷೆಯುಂಟು. ಮಾಸ್ತರರು ಮೂಲ ಬಿಲ್ಲನ್ನು ತೆಗೆದು ತೋರಿಸಿದರು. ಬಿಲ್ಲಿನ ಮೇಲಿನ ಕ್ರಮಾಂಕಕ್ಕೂ ಯಂತ್ರದ ತಳದ ಕ್ರಮಾಂಕಕ್ಕೂ ತಾಳೆಯಾಯಿತು. ಮಗಳು ದೋಷಗಳ ಹಾಳೆಯನ್ನು ಮುಂದಿಟ್ಟಳು.

ಆ ಮನೆಯ ಹುಡುಗಿ ಕಾಲೇಜಿನಲ್ಲಿ ಓದುವವಳು. ತಂದೆ ಮಾಡಿದ ಚಪ್ಪಲಿಗಳ ಚಿತ್ರ, ಅಳತೆ, ಲೆಕ್ಕಗಳನ್ನು ಬರೆದಿಡಬೇಕೆಂಬುದು ಅವಳ ಆಸೆ. ಒಂದು ಗಂಟೆಯ ಹೊತ್ತು ಅವಳು ಯಂತ್ರವನ್ನು ‘ಗಳೇಕ್ಕೆ ಹೂಡಿ’ ನೋಡಿದಳು. ಕ್ಯಾಮರಾ, ಧ್ವನಿ, ವೈಫೈ, ಪ್ರತಿಯೊಂದು ಕೀಲಿ. ಅಂಟಿಕೊಳ್ಳುವ ಕೀಲಿಯ ಬಳಿ ಬಂದಾಗ ಹಾಳೆಯನ್ನು ನೋಡಿ ನಕ್ಕಳು. ಹನ್ನೆರಡು ಸಾವಿರವೆಂದಿದ್ದ ಬೆಲೆ ಬ್ಯಾಟರಿಯ ಸಲುವಾಗಿ ಐನೂರು ಇಳಿಯಿತು. ಹಿರಿಯರು ಐನೂರರ ಇಪ್ಪತ್ತಮೂರು ನೋಟುಗಳನ್ನು ಎಣಿಸಿದರು. ಮಾಸ್ತರರು ಒಂದೊಂದನ್ನೂ ಬೆಳಕಿಗೆ ಓರೆಯಾಗಿ ಹಿಡಿದರು; ಒಳಗಿನ ಎಳೆ ಹಸಿರಿನಿಂದ ನೀಲಿಗೆ ತಿರುಗಬೇಕಷ್ಟೆ. ಎಲ್ಲವೂ ತಿರುಗಿದವು. ಹಾಳೆಯ ಕೆಳಭಾಗದಲ್ಲಿಯೇ ದಿನಾಂಕ, ಕ್ರಮಾಂಕ, ಮೊತ್ತ, ಇಬ್ಬರ ವಿಳಾಸ ಬರೆದು, ಇಬ್ಬರು ಸಾಕ್ಷಿಗಳ ರುಜು ಹಾಕಿಸಿ, ಪ್ರತಿಯೊಂದನ್ನು ಅವರವರು ಇಟ್ಟುಕೊಂಡರು.

ಹೊರಡುವಾಗ ಹಿರಿಯರು ಮಾಸ್ತರರ ಕಾಲಿನ ಸವೆದ ಚಪ್ಪಲಿಯನ್ನು ನೋಡಿ, ಕುಳ್ಳಿರಿಸಿ, ಬಿಟ್ಟುಹೋಗಿದ್ದ ಎರಡು ಹೊಲಿಗೆ ಹಾಕಿಕೊಟ್ಟರು. ದುಡ್ಡು ಕೊಡಹೋದರೆ ತೆಗೆದುಕೊಳ್ಳಲಿಲ್ಲ. “ಇದು ವ್ಯಾಪಾರದಾಗ ಬರೂದಿಲ್ರಿ” ಎಂದರು.

ಮರುದಿನ ಮಗನ ಫೀ ಕಟ್ಟಿದ್ದಾಯಿತು. ವಾರ ಕಳೆದ ಮೇಲೆ ಅಥಣಿಯ ಹುಡುಗಿ ಫೋನು ಮಾಡಿ, ಕೀಲಿಯನ್ನು ಬದಲಿಸಿದ ಸುದ್ದಿ ಹೇಳಿದಳು. ದೋಷವನ್ನು ಮೊದಲೇ ಹೇಳಿದ್ದರಿಂದ ಆ ಕರೆಯಲ್ಲಿ ದೂರಿರಲಿಲ್ಲ. ಐದು ಊರುಗಳಲ್ಲಿ ಹೆಚ್ಚಿನ ಬೆಲೆ ಹೇಳಿದವರು ಇದ್ದರು. ಆದರೆ ವಸ್ತುವನ್ನು ಕಣ್ಣಾರೆ ಕಂಡು, ಮೂಲವನ್ನು ವಿಚಾರಿಸಿ, ಎದುರಿಗೇ ರೊಕ್ಕ ಎಣಿಸಿದವರು ಅಥಣಿಯವರು ಮಾತ್ರ. ಚಿಕ್ಕೋಡಿಯ ಮನೆಯಲ್ಲಿ ಅಜ್ಜಿಯ ಬೀಸುವ ಕಲ್ಲಿನ ಹಾಡು ಉಳಿದಿದೆ. ಮಾರಾಟಕ್ಕೆ ಮೊದಲು ಅದನ್ನು ತೆಗೆದಿಟ್ಟುಕೊಳ್ಳಬೇಕೆಂದು ನೆನಪಿಸಿದವನು ಯಂತ್ರವನ್ನು ಕೊಳ್ಳದೆ ಹೋದ ನಿಪ್ಪಾಣಿಯ ಅಂಗಡಿಯವನು. ಮುಂದೆ ಆ ಊರಿಗೆ ಹೋದಾಗಲೆಲ್ಲ ಮಾಸ್ತರರು ಅವನ ಅಂಗಡಿಯಲ್ಲಿ ಚಹಾ ಕುಡಿಯದೆ ಬರುವುದಿಲ್ಲ.