ಬೈರಾಸು ಹಾರದಿರಲಿ

ಕಡಲತೀರದಲ್ಲಿ ಹಾಸಿದ ಬೈರಾಸು ಹಾಸಿದಲ್ಲೇ ಇರುವುದಿಲ್ಲ. ಹಗಲಲ್ಲಿ ನೆಲ ಕಡಲಿಗಿಂತ ಬೇಗ ಕಾಯುತ್ತದೆ. ನೆಲದ ಮೇಲಿನ ಬಿಸಿಗಾಳಿ ಮೇಲೇರಿದಾಗ ಆ ಜಾಗಕ್ಕೆ ಕಡಲಿನ ತಂಪುಗಾಳಿ ನುಗ್ಗುತ್ತದೆ. ಮಧ್ಯಾಹ್ನ ಕಳೆದ ಮೇಲೆ, ನಾವೆಲ್ಲ ತೀರಕ್ಕೆ ಹೋಗುವ ಹೊತ್ತಿಗೇ ಅದು ಜೋರಾಗುತ್ತದೆ.

ನಮ್ಮ ಮನೆಯಲ್ಲಿ ಇದಕ್ಕಿದ್ದ ಪರಿಹಾರ ಉಮ್ಮ. ಪಣಂಬೂರಿಗೆ ಹೋದಾಗಲೆಲ್ಲ ನಾವು ನೀರಿಗಿಳಿದರೆ ಅವರು ಬೈರಾಸಿನ ಮೇಲೆ ಕುಳಿತಿರುತ್ತಿದ್ದರು. "ನಾನು ಎದ್ದರೆ ಎಲ್ಲ ಹಾರಿಹೋಗುತ್ತದೆ, ನೀವು ಹೋಗಿ ಮಕ್ಕಳೇ" ಎನ್ನುತ್ತಿದ್ದರು. ಒಂದು ಕಲ್ಲು ಮಾಡಬಹುದಾದ ಕೆಲಸಕ್ಕೆ ಅವರ ಸಂಜೆಯೆಲ್ಲ ಮುಗಿಯುತ್ತಿತ್ತು.

ಅಸರ್ ನಮಾಝ್‌ನ ಹೊತ್ತಿಗೆ ತೊಂದರೆ ಇನ್ನೂ ಹೆಚ್ಚು. ನಮ್ಮ ಕರಾವಳಿಯಿಂದ ಕಿಬ್ಲಾ ಇರುವುದು ಪಶ್ಚಿಮಕ್ಕೆ, ತುಸು ಉತ್ತರಕ್ಕೆ ವಾಲಿ. ಕಡಲಗಾಳಿಯೂ ಹೆಚ್ಚುಕಡಿಮೆ ಅದೇ ದಿಕ್ಕಿನಿಂದ ಬರುತ್ತದೆ. ಹಾಗಾಗಿ ಮೊದಲು ಏಳುವುದು ಹಣೆಯಿಡುವ ಕಡೆಯ ಅಂಚೇ. ನಾಲ್ಕು ಮೂಲೆಗೆ ಚಪ್ಪಲಿ ಇಡುವವರಿದ್ದಾರೆ. ಆದರೆ ನಮಾಝ್ ಮಾಡುವ ಬಟ್ಟೆಯ ಮೇಲೆ ಚಪ್ಪಲಿ ಇಡಲು ಮನಸ್ಸು ಬಾರದು. ಇಟ್ಟರೂ ಮೂಲೆಗಳಷ್ಟೇ ನಿಲ್ಲುತ್ತವೆ, ಅಂಚಿನ ನಡುಭಾಗ ಉಬ್ಬುತ್ತದೆ. ಗೂಟ ಒಣಮರಳಿನಲ್ಲಿ ಸಡಿಲಾಗುತ್ತದೆ, ಬರಿಗಾಲಲ್ಲಿ ಓಡುವ ಮಕ್ಕಳಿಗೂ ಅಪಾಯ.

ಗಾಳಿಯ ವೇಗ ಎರಡು ಪಟ್ಟಾದರೆ ಅದರ ಬಲ ನಾಲ್ಕು ಪಟ್ಟಾಗುತ್ತದೆ. ಆದ್ದರಿಂದ ಗಾಳಿ ಬಟ್ಟೆಯ ಅಡಿಗೆ ನುಗ್ಗದಂತೆ ನೋಡಿಕೊಳ್ಳುವುದೇ ಮುಖ್ಯ. ಅದಕ್ಕೆ ಎದುರಿನ ಅಂಚು ಉದ್ದಕ್ಕೂ ನೆಲಕ್ಕೆ ಅಂಟಿರಬೇಕು. ಬೇಕಾದ ಭಾರವನ್ನು ಮನೆಯಿಂದ ಹೊರಬೇಕಿಲ್ಲ, ಮರಳು ಅಲ್ಲೇ ಇದೆ.

ಹಳೆಯ ಕೊಡೆಯ ಬಟ್ಟೆಯಿಂದ 75 ಸೆಂ.ಮೀ. ಉದ್ದ, 16 ಸೆಂ.ಮೀ. ಅಗಲದ ಪಟ್ಟಿ ಕತ್ತರಿಸಿದೆ. ಒಂದೇ ತುಂಡು ಸಿಗದೆ ಎರಡನ್ನು ಜೋಡಿಸಬೇಕಾಯಿತು. ಕೊಡೆಯ ಬಟ್ಟೆಯಿಂದ ಮರಳು ಸೋರದು, ಒದ್ದೆಯಾದರೂ ಬೇಗ ಒಣಗುತ್ತದೆ. ಪಟ್ಟಿಯನ್ನು ಮಡಚಿ, ಪೈಜಾಮಕ್ಕೆ ಲಾಡಿ ಪೋಣಿಸುವ ಮಡಿಕೆಯಂತೆ ಬೈರಾಸಿನ ಅಗಲದ ಅಂಚಿಗೆ, ಹಣೆ ತಾಗದಷ್ಟು ಹೊರಗೆ ಹೊಲಿದೆ. ಒಂದು ತುದಿ ಮುಚ್ಚಿದೆ, ಇನ್ನೊಂದಕ್ಕೆ ಕಟ್ಟುವ ದಾರ. ಹಿಂದಿನ ಎರಡು ಮೂಲೆಗೆ ಅಂಗೈಯಗಲದ ಕಿಸೆಗಳು. ಒಣಮರಳು ತುಂಬಿದರೆ ಮುಂದಿನ ಕೊಳವೆಯೊಂದೇ ಸುಮಾರು 2 ಕಿಲೋ ತೂಗುತ್ತದೆ. ಹಸಿಮರಳು ಒಳಗೇ ಅಂಟಿಕೊಳ್ಳುವುದರಿಂದ ಅದು ಬೇಡ.

ಮೊದಲ ಸಲ ಹಾಸಿದಾಗ ಉಮ್ಮನಿಗೆ ನಂಬಿಕೆ ಬರಲಿಲ್ಲ. ಅದರ ಮೇಲೆ ಅಸರ್ ಮುಗಿಸಿ ಎದ್ದರು. ಸ್ವಲ್ಪ ಹೊತ್ತು ಬೈರಾಸನ್ನೇ ನೋಡುತ್ತ ನಿಂತರು. ನಾಲ್ಕು ಹೆಜ್ಜೆ ನಡೆದು ಮತ್ತೆ ತಿರುಗಿ ನೋಡಿದರು. ಆಮೇಲೆ ತಂಗಿಯ ಕೈ ಹಿಡಿದು ನೀರಿನ ಕಡೆ ಹೋದವರು ಮಗ್ರಿಬ್ ಹತ್ತಿರವಾಗುವವರೆಗೂ ಬರಲಿಲ್ಲ.

ಹೊಲಿಗೆ ಯಂತ್ರವಿರುವ ಮನೆಯಲ್ಲಿ ಇದು ಒಂದು ಸಂಜೆಯ ಕೆಲಸ. ಅಳತೆ ಮೇಲಿದೆ, ಹೊಲಿದು ನೋಡಿ. ಹೊರಡುವಾಗ ಮರಳನ್ನು ಅಲ್ಲೇ ಸುರಿದು ಬನ್ನಿ.